ವ್ಯಕ್ತಿತ್ವ ಪರೀಕ್ಷೆಗಳು ಮತ್ತು ಬಹುಭಾಷಿಕ ಸಮಾಜ: ಕನ್ನಡದ ನೆಲೆಯಿಂದ ಕೆಲವು ವಿಚಾರಗಳು

ಹೂವಾಡಗಿತ್ತಿಯು ತನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದು ಮಾಲೆಯನ್ನು ಕೊಡುತ್ತಾಳೆ. ಅವಳ ಕೈ ಗಿಡ್ಡವಾದರೆ ಮೊಳವೂ ಗಿಡ್ಡವಾಗುತ್ತದೆ. ಕೊಳ್ಳುವವರಿಗೆ ಇದು ತಿಳಿದಿರುವುದರಿಂದ ಅಲ್ಲಿ ಚೌಕಾಶಿಗೆ ಎಡೆಯುಂಟು. ಆದರೆ ಅಳತೆಯು ಅಂಕಿಗಳ ರೂಪ ತಾಳಿ, ಆ ಅಂಕಿಗಳ ಮೇಲೆ ವಿಜ್ಞಾನದ ಮುದ್ರೆ ಬಿದ್ದಮೇಲೆ, ಅಳೆದ ಕೈ ಯಾರದು ಎಂದು ಕೇಳುವವರು ವಿರಳವಾಗುತ್ತಾರೆ. ಮನುಷ್ಯನ ಸ್ವಭಾವವನ್ನು ಅಳೆಯಲು ಮನೋವಿಜ್ಞಾನವು ರೂಪಿಸಿಕೊಂಡಿರುವ ವ್ಯಕ್ತಿತ್ವ ಪರೀಕ್ಷೆಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಈ ಪರೀಕ್ಷೆಗಳ ಬಳಕೆ ಇಂದು ಮನೋರೋಗ ಚಿಕಿತ್ಸಾಲಯಕ್ಕೆ ಸೀಮಿತವಾಗಿ ಉಳಿದಿಲ್ಲ. ಕಾರ್ಖಾನೆ, ಕಚೇರಿಗಳು ನೌಕರರನ್ನು ಆರಿಸಿಕೊಳ್ಳುವಾಗ ಇವನ್ನು ಬಳಸುತ್ತವೆ. ಭಾರತದ ಸೇನಾಧಿಕಾರಿಗಳ ಆಯ್ಕೆಯಲ್ಲಿ ಚಿತ್ರವನ್ನು ನೋಡಿ ಕಥೆ ಬರೆಯುವ, ಪದವೊಂದನ್ನು ಕಂಡೊಡನೆ ಹೊಳೆದುದನ್ನು ಬರೆಯುವ ಪರೀಕ್ಷೆಗಳು ಬಹುಕಾಲದಿಂದ ನಡೆದುಬಂದಿವೆ. ರೋಗನಿದಾನ, ಉದ್ಯೋಗ, ಶಿಕ್ಷಣ, ನ್ಯಾಯಾಲಯದ ವ್ಯವಹಾರ, ಇವುಗಳಲ್ಲಿ ಯಾವುದೇ ಇರಲಿ, ವ್ಯಕ್ತಿಯ ಮಾತಿಗೆ ಅಂಕ ಬೀಳುತ್ತದೆ. ಆ ಅಂಕದ ಆಧಾರದ ಮೇಲೆ ಅವನ ಬದುಕಿನ ಒಂದು ತೀರ್ಮಾನವಾಗುತ್ತದೆ. ಅವನು ಆಡಿದ ಮಾತು ಒಂದು ಭಾಷೆಯದು, ಒಂದು ಸಮುದಾಯದ್ದು. ಅಂಕ ಕೊಡುವ ಕೋಷ್ಟಕ ಇನ್ನೊಂದು ದೇಶದ್ದು, ಇನ್ನೊಂದು ಕಾಲದ್ದು. ಈ ಅಂತರದಿಂದ ಉಂಟಾಗುವ ತೊಡಕುಗಳೇನು, ಅವುಗಳ ಪರಿಹಾರದಲ್ಲಿ ಭಾಷಾಧ್ಯಯನದ ಪಾತ್ರವೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರೀಕ್ಷೆಗಳ ಹುಟ್ಟು ಮತ್ತು ಬಗೆ

ವ್ಯಕ್ತಿತ್ವ ಪರೀಕ್ಷೆಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಮೊದಲನೆಯದು ಪ್ರಶ್ನಾವಳಿ. ಇಲ್ಲಿ ವ್ಯಕ್ತಿಯು ತನ್ನ ಬಗೆಗಿನ ಹೇಳಿಕೆಗಳನ್ನು ಓದಿ ಒಪ್ಪುತ್ತಾನೆ ಅಥವಾ ನಿರಾಕರಿಸುತ್ತಾನೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಲ್ಲಿ ಯುದ್ಧದ ಆಘಾತಕ್ಕೆ ಸುಲಭವಾಗಿ ಒಳಗಾಗುವವರನ್ನು ಗುರುತಿಸಲೆಂದು ರಾಬರ್ಟ್ ವುಡ್‌ವರ್ತ್ ಸಿದ್ಧಪಡಿಸಿದ ಪ್ರಶ್ನೆಗಳ ಪಟ್ಟಿಯೇ ಇಂಥ ಪ್ರಶ್ನಾವಳಿಗಳಿಗೆ ಮೂಲ. ಎರಡನೆಯದು ಪ್ರಕ್ಷೇಪಣ ಪರೀಕ್ಷೆ. ಅಸ್ಪಷ್ಟವಾದ ಆಕೃತಿಯನ್ನೋ ಚಿತ್ರವನ್ನೋ ತೋರಿಸಿ, ಅದರಲ್ಲಿ ವ್ಯಕ್ತಿ ಏನನ್ನು ಕಾಣುತ್ತಾನೆ ಎಂಬುದರ ಮೂಲಕ ಅವನ ಅಂತರಂಗವನ್ನು ತಿಳಿಯುವ ಯತ್ನ ಇದರಲ್ಲಿದೆ. ಸ್ವಿಟ್ಜರ್ಲೆಂಡಿನ ವೈದ್ಯ ಹರ್ಮನ್ ರೋರ್ಷಾಕ್ 1921ರಲ್ಲಿ ಪ್ರಕಟಿಸಿದ ಹತ್ತು ಮಸಿಮಚ್ಚೆಗಳ ಪರೀಕ್ಷೆಯೂ, ಕ್ರಿಸ್ಟಿಯಾನಾ ಮಾರ್ಗನ್ ಮತ್ತು ಹೆನ್ರಿ ಮರ್ರೆ 1935ರಲ್ಲಿ ಮುಂದಿಟ್ಟ ಚಿತ್ರಕಥಾ ಪರೀಕ್ಷೆಯೂ ಈ ಬಗೆಯಲ್ಲಿ ಪ್ರಸಿದ್ಧವಾದವು. ಎರಡನೆಯದು ಮನೋವಿಜ್ಞಾನಿಗಳಲ್ಲಿ ಟಿ.ಎ.ಟಿ. ಎಂಬ ಹೆಸರಿನಿಂದ ಬಳಕೆಯಲ್ಲಿದೆ.

ಚಿತ್ರಕ್ಕೆ ಭಾಷೆಯ ಹಂಗಿಲ್ಲವಾದ್ದರಿಂದ ಪ್ರಕ್ಷೇಪಣ ಪರೀಕ್ಷೆಗಳು ಎಲ್ಲ ಸಮಾಜಗಳಿಗೂ ಸಲ್ಲುತ್ತವೆ ಎಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ಆದರೆ ಟಿ.ಎ.ಟಿ.ಯ ಮೊದಲ ಚಿತ್ರವನ್ನೇ ಗಮನಿಸಬಹುದು. ಬಾಲಕನೊಬ್ಬ ಮುಂದಿರುವ ಪಿಟೀಲನ್ನು ನೋಡುತ್ತ ಕುಳಿತಿದ್ದಾನೆ. ಸಂಗೀತದ ಮನೆತನದಲ್ಲಿ ಬೆಳೆದ ಮೈಸೂರಿನ ಹುಡುಗನಿಗೆ ಅದು ಗುರುಗಳ ಪಾಠದ ವಾದ್ಯ. ಪಿಟೀಲನ್ನೇ ಕಾಣದ ಕೂಲಿಕಾರನ ಮಗನಿಗೆ ಅದೊಂದು ಗುರುತಿಲ್ಲದ ವಸ್ತು. ಎರಡನೆಯವನ ಕಥೆ ಬಡಕಲಾದರೆ ಅದು ಅವನ ಕಲ್ಪನೆಯ ಬಡತನವೆಂದು ಬಗೆಯುವುದು ನ್ಯಾಯವಾಗದು. ಭಾರತೀಯ ಮುಖ, ಉಡುಗೆ, ಮನೆಗಳನ್ನುಳ್ಳ ಚಿತ್ರಗಳ ಅಗತ್ಯವನ್ನು ಮನಗಂಡು ಉಮಾ ಚೌಧುರಿಯವರು ಈ ಪರೀಕ್ಷೆಯ ಭಾರತೀಯ ರೂಪವನ್ನು ಸಿದ್ಧಪಡಿಸಿದುದು ಈ ಕಾರಣದಿಂದಲೇ.

ಮಾನಕದ ಪ್ರಶ್ನೆ

ಪ್ರಶ್ನಾವಳಿಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಗೆ ಬಂದುದು ಮಿನ್ನೆಸೋಟ ಬಹುಮುಖಿ ವ್ಯಕ್ತಿತ್ವ ಪ್ರಶ್ನಾವಳಿ. ಎಂ.ಎಂ.ಪಿ.ಐ. ಎಂದು ಕರೆಯಲಾಗುವ ಇದನ್ನು ಸ್ಟಾರ್ಕ್ ಹ್ಯಾಥವೇ ಮತ್ತು ಜೆ.ಸಿ. ಮೆಕಿನ್ಲೆ ರಚಿಸಿ 1943ರಲ್ಲಿ ಪ್ರಕಟಿಸಿದರು. ರೋಗಿಗಳ ಉತ್ತರಗಳನ್ನು ಆರೋಗ್ಯವಂತರ ಉತ್ತರಗಳೊಡನೆ ಹೋಲಿಸಿ, ಎರಡು ಗುಂಪುಗಳನ್ನು ಬೇರ್ಪಡಿಸುವ ಹೇಳಿಕೆಗಳನ್ನು ಮಾತ್ರ ಉಳಿಸಿಕೊಳ್ಳುವುದು ಅದರ ರಚನಾತತ್ತ್ವ. ಹಾಗಾದರೆ ಆ ಆರೋಗ್ಯವಂತರು ಯಾರು? ಮಿನ್ನೆಸೋಟ ವಿಶ್ವವಿದ್ಯಾನಿಲಯದ ಆಸ್ಪತ್ರೆಗಳಿಗೆ ರೋಗಿಗಳನ್ನು ನೋಡಲು ಬಂದ 724 ಮಂದಿ ಬಂಧುಮಿತ್ರರು. ಅವರೆಲ್ಲ ಬಿಳಿಯರು, ಸರಾಸರಿ ವಯಸ್ಸು ಸುಮಾರು ಮೂವತ್ತೈದು, ಬಹುತೇಕ ವಿವಾಹಿತರು, ಸುಮಾರು ಎಂಟು ವರ್ಷಗಳ ಶಾಲಾಶಿಕ್ಷಣ ಪಡೆದವರು, ಹಳ್ಳಿ ಅಥವಾ ಸಣ್ಣ ಪಟ್ಟಣಗಳಲ್ಲಿ ಬೇಸಾಯವನ್ನೋ ಕೈಕಸುಬನ್ನೋ ಅವಲಂಬಿಸಿದವರು. ಅರ್ಧ ಶತಮಾನದ ಕಾಲ ಹಲವು ದೇಶಗಳ ಜನರ ಮನಸ್ಸಿನ ಸ್ವಾಸ್ಥ್ಯವನ್ನು ಅಳೆದುದು ಈ ಕೈಯ ಮೊಳದಿಂದ.

ಅಂಕಗಳನ್ನು ಅರ್ಥೈಸುವ ಬಗೆಯನ್ನು ತಿಳಿದರೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ವ್ಯಕ್ತಿಯು ಎಷ್ಟು ಹೇಳಿಕೆಗಳನ್ನು ಒಪ್ಪಿದನು ಎಂಬ ಕಚ್ಚಾ ಅಂಕಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ಮಾನಕ ಗುಂಪಿನ ಸರಾಸರಿಯನ್ನು 50 ಎಂದೂ, ಆ ಸರಾಸರಿಯಿಂದ ಜನರು ಸಾಮಾನ್ಯವಾಗಿ ಚದುರಿರುವ ದೂರವನ್ನು 10 ಎಂದೂ ಇಟ್ಟುಕೊಂಡು ಅಂಕವನ್ನು ಪರಿವರ್ತಿಸಲಾಗುತ್ತದೆ. ಮೂಲ ಪ್ರಶ್ನಾವಳಿಯಲ್ಲಿ 70ನ್ನು, ಪರಿಷ್ಕೃತ ರೂಪದಲ್ಲಿ 65ನ್ನು ಮುಟ್ಟಿದ ಅಂಕವನ್ನು ರೋಗಸೂಚಕವೆಂದು ಪರಿಗಣಿಸುತ್ತಾರೆ. ಅಂದರೆ ಇಲ್ಲಿ ಅಸ್ವಸ್ಥತೆಯೆಂಬುದು ಮಾನಕ ಗುಂಪಿನಿಂದ ಇರುವ ದೂರ. ಆ ಗುಂಪಿನಲ್ಲಿ ಅಪರೂಪವಾದ ಉತ್ತರವು ಬೇರೊಂದು ಸಮುದಾಯದಲ್ಲಿ ಸರ್ವೇಸಾಮಾನ್ಯವಾಗಿದ್ದರೆ, ಆ ಸಮುದಾಯದ ಸ್ವಸ್ಥ ವ್ಯಕ್ತಿಯೂ ಕಾಗದದ ಮೇಲೆ ರೋಗಿಯಾಗುತ್ತಾನೆ.

ಈ ಆಕ್ಷೇಪವನ್ನು ಅಮೆರಿಕದೊಳಗೇ ಎತ್ತಿದವರುಂಟು. ಬಿಳಿಯರ ಮಾನಕಗಳಿಂದ ಕಪ್ಪು ಜನರನ್ನು ಅಳೆಯುವುದು ಭೇದಭಾವಕ್ಕೆ ದಾರಿಯಾಗುತ್ತದೆ ಎಂದು ಮಾಲ್ಕಂ ಗಿಂಥರ್ 1972ರಲ್ಲಿ ಎಚ್ಚರಿಸಿದರು. ಮುಂದಿನ ಸಂಶೋಧಕರು ವಿದ್ಯಾಭ್ಯಾಸ, ಆದಾಯ ಮುಂತಾದ ಅಂಶಗಳನ್ನು ಸರಿದೂಗಿಸಿ ನೋಡಿದಾಗ ಎರಡು ಗುಂಪುಗಳ ಅಂತರ ಬಹುಮಟ್ಟಿಗೆ ತಗ್ಗಿತು. ಆದುದರಿಂದ ಬಣ್ಣವನ್ನೋ ಜನಾಂಗವನ್ನೋ ಅಂಕಗಳ ವ್ಯತ್ಯಾಸಕ್ಕೆ ನೇರ ಕಾರಣವೆಂದು ಹೇಳಲಾಗದು. ಬದುಕಿನ ಸ್ಥಿತಿಗತಿಗಳೂ ಉತ್ತರದಲ್ಲಿ ಇಳಿದಿರುತ್ತವೆ. ವಾದ ಏನೇ ಇರಲಿ, ಮಾನಕವನ್ನು ಬದಲಿಸಬೇಕೆಂಬುದು ಒಪ್ಪಿತವಾಯಿತು. 1989ರ ಪರಿಷ್ಕರಣದಲ್ಲಿ ಏಳು ರಾಜ್ಯಗಳ 2600 ಮಂದಿಯನ್ನು ಸೇರಿಸಲಾಯಿತು. 2020ರಲ್ಲಿ ಬಂದ ಮೂರನೆಯ ಆವೃತ್ತಿಯು 1620 ಮಂದಿಯ ಹೊಸ ಮಾನಕವನ್ನೂ, ಅಮೆರಿಕದ ಸ್ಪ್ಯಾನಿಷ್ ಭಾಷಿಕರಿಗಾಗಿ ಪ್ರತ್ಯೇಕ ಮಾನಕವನ್ನೂ ಒದಗಿಸಿತು. ಒಂದೇ ದೇಶದ ಎರಡು ಭಾಷೆಗಳವರಿಗೆ ಎರಡು ಮಾನಕಗಳು ಬೇಕಾದುವು ಎಂಬ ಸಂಗತಿ ಭಾರತದಂಥ ದೇಶಕ್ಕೆ ತಕ್ಕ ಪಾಠವಾಗಿದೆ.

ಕನ್ನಡ ನಾಡಿನ ಪೂರ್ವಾನುಭವ

ಹೊರಗಿನ ಪರೀಕ್ಷೆಯನ್ನು ಒಳಗಿನ ಜನಕ್ಕೆ ಹೊಂದಿಸುವ ಕಾರ್ಯ ಕನ್ನಡಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನದ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ಕನ್ನಡಿಗರು ಆಕಾಶವಾಣಿಯ ಆದ್ಯರೆಂದು ಹೆಚ್ಚಾಗಿ ನೆನೆಯುತ್ತಾರೆ. ಅದೇ ಕಾಲಘಟ್ಟದಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯ ಅಮೆರಿಕನ್ ರೂಪವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದರು. ಅದರ ವಿವರಗಳು 1934ರಲ್ಲಿ ಲೇಖನವಾಗಿಯೂ 1940ರಲ್ಲಿ ಪುಸ್ತಕವಾಗಿಯೂ ಹೊರಬಂದುವು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ದಶಕಗಳ ಕಾಲ ದೇಶದ ನಾನಾ ಕಡೆ ಬಳಕೆಯಲ್ಲಿತ್ತು.

ಕಾಮತರ ಪರೀಕ್ಷೆ ಬುದ್ಧಿಯನ್ನು ಕುರಿತದ್ದು, ವ್ಯಕ್ತಿತ್ವವನ್ನು ಕುರಿತದ್ದಲ್ಲ. ಆದರೂ ಅದರಿಂದ ಎರಡು ಮಾತುಗಳನ್ನು ಕಲಿಯಬಹುದು. ಒಂದು, ಒಂದೇ ಊರಿನಲ್ಲಿ ಎರಡು ಭಾಷೆಗಳ ಮಕ್ಕಳಿರುವಾಗ ಪರೀಕ್ಷೆಯನ್ನು ಎರಡರಲ್ಲಿಯೂ ಸಿದ್ಧಪಡಿಸಿ, ಆ ಊರಿನ ಮಕ್ಕಳ ಮೇಲೆಯೇ ಅದನ್ನು ಪ್ರಮಾಣೀಕರಿಸಬೇಕೆಂಬ ವಿವೇಕ. ಇನ್ನೊಂದು, ಮಾನಕಗಳಿಗೂ ಮುಪ್ಪು ಬರುತ್ತದೆ ಎಂಬ ಸತ್ಯ. ಒಂದು ತಲೆಮಾರಿನ ಮಕ್ಕಳಿಂದ ಪಡೆದ ಅಳತೆ ಮೂರನೆಯ ತಲೆಮಾರಿಗೆ ಸಲ್ಲದು. ಊರು ನಮ್ಮದೇ ಆಗಿದ್ದರೂ ಕಾಲ ಬೇರೆಯಾಗಿರುತ್ತದೆ.

ಮುಂದೆ 1960ರ ದಶಕದಲ್ಲಿ, ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಎಚ್.ಎನ್. ಮೂರ್ತಿಯವರು ಬಹುಮುಖಿ ಪ್ರಶ್ನಾವಳಿಯೊಂದನ್ನು ಭಾರತೀಯ ರೋಗಿಗಳಿಗಾಗಿ ಸಿದ್ಧಪಡಿಸಿದರು. 1974ರಲ್ಲಿ ಈ ಸಂಸ್ಥೆಯೇ ನಿಮ್ಹಾನ್ಸ್‌ನ ಅಂಗವಾಯಿತು. ಇದೇ ವೇಳೆಗೆ ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಮಹತ್ತ್ವದ ಅಧ್ಯಯನವೊಂದು ನಡೆಯಿತು. ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರು ಆ ಊರಿನ ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಮಾನಸಿಕ ಸ್ವಾಸ್ಥ್ಯವನ್ನು ಪರಿಶೀಲಿಸಿ 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಪಾಶ್ಚಾತ್ಯ ಪ್ರಶ್ನಾವಳಿಯನ್ನು ಹಾಗೆಯೇ ಕೈಗೆತ್ತಿಕೊಳ್ಳದೆ, ಭಾರತೀಯ ಸಂದರ್ಭಕ್ಕೆಂದೇ ಸಂದರ್ಶನದ ಕ್ರಮವೊಂದನ್ನು ಅವರು ರೂಪಿಸಿಕೊಂಡದ್ದು ಗಮನಾರ್ಹ. ಮನಸ್ಸಿನ ಸಂಕಟವು ಮೈಯ ನೋವಾಗಿ ಮಾತಿಗೆ ಬರುವುದು, ಮೈಮೇಲೆ ದೈವ ಬರುವುದು ಮೊದಲಾದ ಸಂಗತಿಗಳಿಗೆ ಅದರಲ್ಲಿ ಸ್ಥಾನವಿತ್ತು. ಅಳಿಯಸಂತಾನದ ಮನೆಯೂ ಮಕ್ಕಳಸಂತಾನದ ಮನೆಯೂ ಅಕ್ಕಪಕ್ಕದಲ್ಲಿರುವ ಊರಿನಲ್ಲಿ, ತಂದೆ, ಸೋದರಮಾವ, ಅಧಿಕಾರ, ಆಸ್ತಿ ಎಂಬ ಮಾತುಗಳ ಭಾವಾರ್ಥವೇ ಮನೆಯಿಂದ ಮನೆಗೆ ಬದಲಾಗುತ್ತದೆ. ಒಂದು ಹಳ್ಳಿಯಲ್ಲಿಯೇ ಇಷ್ಟು ವೈವಿಧ್ಯವಿರುವಾಗ ಭಾರತೀಯ ಮಾನಕ ಎಂಬ ಒಂದೇ ಹೆಸರಿನಡಿ ಇಡೀ ದೇಶವನ್ನು ತರುವುದೂ ಸುಲಭವಲ್ಲ.

ಅನುವಾದದ ತೊಡಕುಗಳು

ಪರೀಕ್ಷೆಯೊಂದನ್ನು ಕನ್ನಡಕ್ಕೆ ತರುವವರು ಮೊದಲು ಎದುರಿಸುವ ಕಷ್ಟ ಹೇಳಿಕೆಗಳಲ್ಲಿರದೆ, ಉತ್ತರದ ಪದಗಳಲ್ಲಿಯೇ ಇರುತ್ತದೆ. ಇಂಗ್ಲಿಷ್ ಪ್ರಶ್ನಾವಳಿಗಳು ಬಯಸುವುದು ಹೇಳಿಕೆ ತನಗೆ ಅನ್ವಯಿಸುತ್ತದೆಯೇ ಇಲ್ಲವೇ ಎಂಬ ನಿರ್ಭಾವದ ಉತ್ತರವನ್ನು. ಇದನ್ನು 'ಸರಿ', 'ತಪ್ಪು' ಎಂದು ಅನುವಾದಿಸಿದರೆ, ತಪ್ಪು ಎಂಬ ಮಾತಿಗೆ ಕನ್ನಡದಲ್ಲಿರುವ ಅಪರಾಧದ ಛಾಯೆ ಉತ್ತರಕ್ಕೂ ಅಂಟಿಕೊಳ್ಳುತ್ತದೆ. 'ನಿಜ', 'ಸುಳ್ಳು' ಎಂದರೆ, ಸುಳ್ಳೆಂದು ಗುರುತು ಹಾಕುವವನಿಗೆ ತಾನೇ ಸುಳ್ಳಾಡಿದಂತೆ ಅಳುಕು. 'ಹೌದು', 'ಅಲ್ಲ' ಎಂಬುವು ಒಂದು ಬಗೆಯ ವಾಕ್ಯಕ್ಕೆ, 'ಉಂಟು', 'ಇಲ್ಲ' ಎಂಬುವು ಇನ್ನೊಂದು ಬಗೆಯ ವಾಕ್ಯಕ್ಕೆ ಹೊಂದುವುದರಿಂದ, ಎಲ್ಲ ಹೇಳಿಕೆಗಳಿಗೂ ಒಂದೇ ಜೋಡಿ ಸಾಲದು.

ನಿಷೇಧಾರ್ಥಕ ವಾಕ್ಯಗಳಲ್ಲಿ ಈ ತೊಡಕು ಅಪಾಯಕಾರಿಯಾಗುತ್ತದೆ. 'ನನಗೆ ರಾತ್ರಿ ನಿದ್ರೆ ಸರಿಯಾಗಿ ಬರುವುದಿಲ್ಲ' ಎಂಬ ಹೇಳಿಕೆಯನ್ನು ಓದಿ ಹೇಳಿದಾಗ, ಅನಕ್ಷರಸ್ಥ ವೃದ್ಧೆಯೊಬ್ಬಳು 'ಇಲ್ಲ' ಎನ್ನುತ್ತಾಳೆಂದು ಭಾವಿಸೋಣ. ಆ ಒಂದು ಮಾತಿಗೆ ಎರಡು ಅರ್ಥಗಳು ಸಾಧ್ಯ. ಇಲ್ಲ, ಬರುವುದಿಲ್ಲ ಎಂದು ಹೇಳಿಕೆಯನ್ನು ಒಪ್ಪಿರಬಹುದು. ಇಲ್ಲ, ಹಾಗೇನೂ ಇಲ್ಲ ಎಂದು ಅಲ್ಲಗಳೆದಿರಬಹುದು. ಕನ್ನಡದ ಆಡುಮಾತಿನಲ್ಲಿ ಧ್ವನಿಯ ಏರಿಳಿತವೂ ಮುಂದಿನ ವಾಕ್ಯವೂ ಇದನ್ನು ಬಗೆಹರಿಸುತ್ತವೆ. ಉತ್ತರಪತ್ರಿಕೆಯ ಚೌಕದಲ್ಲಿ ಅವೆರಡಕ್ಕೂ ಜಾಗವಿಲ್ಲ. ಇಂಥ ಹತ್ತು ಹೇಳಿಕೆಗಳಲ್ಲಿ ಗುರುತು ಅದಲುಬದಲಾದರೆ ಅವಳ ಮನಸ್ಸಿನ ಚಿತ್ರವೇ ತಲೆಕೆಳಗಾಗುತ್ತದೆ.

ಇನ್ನು ಭಾವವಾಚಕ ಪದಗಳು. ಮನೋವೈದ್ಯ ಶಾಸ್ತ್ರದ ಕೇಂದ್ರಪದವೊಂದಕ್ಕೆ ಕನ್ನಡದಲ್ಲಿ ಖಿನ್ನತೆ ಎಂಬ ಪರಿಭಾಷೆ ನೆಲೆಗೊಂಡಿದೆ. ಆದರೆ ಇದು ಪುಸ್ತಕದ ಪದ. ಜನರ ಬಾಯಲ್ಲಿರುವುದು ಬೇಸರ, ಬೇಜಾರು, ಕೊರಗು, ಮಂಕು, ದುಗುಡ, ವ್ಯಥೆ. ಬೇಸರವೆಂಬುದೊಂದೇ ಸಂದರ್ಭಕ್ಕೆ ತಕ್ಕಂತೆ ದುಃಖವೂ, ಕಿರಿಕಿರಿಯೂ, ಕೆಲಸವಿಲ್ಲದ ಹೊತ್ತಿನ ಜಡತೆಯೂ, ಹತ್ತಿರದವರ ಮೇಲಣ ಅಸಮಾಧಾನವೂ ಆಗಬಲ್ಲುದು. 'ನನಗೆ ಆಗಾಗ ಬೇಸರವಾಗುತ್ತದೆ' ಎಂಬುದನ್ನು ಒಪ್ಪದ ಕನ್ನಡಿಗನೇ ಇರಲಾರನು. 'ನಾನು ಆಗಾಗ ಖಿನ್ನನಾಗುತ್ತೇನೆ' ಎಂಬುದು ಬಹುಮಂದಿಗೆ ಅರ್ಥವೇ ಆಗದು. ಮೊದಲ ಅನುವಾದದಿಂದ ಅಂಕ ಸುಳ್ಳಾಗಿ ಏರುತ್ತದೆ, ಎರಡನೆಯದರಿಂದ ಸುಳ್ಳಾಗಿ ಇಳಿಯುತ್ತದೆ.

ಪ್ರಾದೇಶಿಕ ಭೇದಗಳು ಇದಕ್ಕೆ ಇನ್ನಷ್ಟು ಸೇರಿಸುತ್ತವೆ. ಧಾರವಾಡ, ಬೆಳಗಾವಿಗಳ ಕಡೆ 'ತ್ರಾಸ' ಎಂದರೆ ಕಷ್ಟ, ಸಂಕಟ. ಗ್ರಂಥಭಾಷೆಯಲ್ಲಿ 'ತ್ರಾಸು' ಎಂದರೆ ತಕ್ಕಡಿ. ಕರಾವಳಿಯಲ್ಲಿ 'ಮಂಡೆಬಿಸಿ' ಎಂದರೆ ಚಿಂತೆ. ಅದನ್ನು ತಲೆಯ ಕಾವೆಂದು ಬರೆದುಕೊಂಡ ಪರೀಕ್ಷಕನು ಶರೀರದ ವ್ಯಾಧಿಯ ಕಡೆಗೆ ಹೊರಳುತ್ತಾನೆ. ಹೊಟ್ಟೆಯುರಿ, ಕರುಳು ಹಿಂಡುವುದು, ಜೀವ ಬಾಯಿಗೆ ಬರುವುದು, ಎದೆ ಒಡೆಯುವುದು, ಕೈಕಾಲು ತಣ್ಣಗಾಗುವುದು, ಇವೆಲ್ಲ ಅವಯವಗಳ ಹೆಸರಿನಲ್ಲಿ ಆಡುವ ಮನಸ್ಸಿನ ಮಾತುಗಳು. ಶರೀರದ ದೂರುಗಳನ್ನು ಎಣಿಸುವ ಪ್ರಶ್ನಾವಳಿಗೆ ಇವು ಸಿಕ್ಕಿದರೆ, ಇಲ್ಲದ ದೇಹಬಾಧೆಯನ್ನು ಕಲ್ಪಿಸಿಕೊಳ್ಳುವ ರೋಗಿಯೆಂದು ಒಬ್ಬ ದುಃಖಿ ತಾಯಿ ಗುರುತಾಗಬಹುದು. ಹಾಗೆಯೇ, ಅನ್ಯಶಕ್ತಿಯೊಂದು ತನ್ನ ಮೈಯನ್ನು ಆಳುತ್ತದೆ ಎಂಬ ಮಾತು ಮಿನ್ನೆಸೋಟದ ರೈತನ ಬಾಯಲ್ಲಿ ಚಿತ್ತವಿಕಾರದ ಸೂಚನೆಯಾದೀತು. ತುಳುನಾಡಿನ ಕೋಲದಲ್ಲಿ ದೈವಕ್ಕೆ ಮೈಗೊಡುವ ಪಾತ್ರಿಗೆ ಅದು ಊರು ಒಪ್ಪಿದ ಕರ್ತವ್ಯದ ವರ್ಣನೆ.

ಅನುವಾದದ ನಿಷ್ಕೃಷ್ಟತೆಯನ್ನು ಒರೆಗೆ ಹಚ್ಚಲು ಮರು ಅನುವಾದವೆಂಬ ವಿಧಾನವನ್ನು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದರು. ಒಬ್ಬನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದುದನ್ನು, ಮೂಲವನ್ನು ಕಾಣದ ಇನ್ನೊಬ್ಬನು ಮತ್ತೆ ಇಂಗ್ಲಿಷಿಗೆ ತಂದು ಎರಡನ್ನೂ ಹೋಲಿಸುವ ಕ್ರಮವಿದು. ಉಪಯುಕ್ತವಾದ ಈ ಕ್ರಮಕ್ಕೂ ಒಂದು ಮಿತಿಯುಂಟು. ಪದಕ್ಕೆ ಪದವಿಟ್ಟ ಒಣ ಅನುವಾದವೇ ಅತ್ಯಂತ ಸುಲಭವಾಗಿ ಮೂಲಕ್ಕೆ ಮರಳುತ್ತದೆ. ಖಿನ್ನತೆ ಎಂಬ ಪದ ಯಾವ ಅಡ್ಡಿಯೂ ಇಲ್ಲದೆ ಇಂಗ್ಲಿಷಿಗೆ ಹಿಂದಿರುಗುತ್ತದೆ. ಮಂಕು ಕವಿದಿದೆ ಎಂಬ ಜೀವಂತ ಪ್ರಯೋಗ ದಾರಿಯಲ್ಲಿ ತೊಡರುತ್ತದೆ. ಆದುದರಿಂದ ಪರೀಕ್ಷೆಯಲ್ಲಿ ತೇರ್ಗಡೆಯಾದ ಅನುವಾದವು ಜನರಿಗೆ ತಿಳಿಯುವ ಅನುವಾದವೆಂದು ಭರವಸೆಯಿಲ್ಲ. ಅಂತಾರಾಷ್ಟ್ರೀಯ ಪರೀಕ್ಷಾ ಆಯೋಗವು 1990ರ ದಶಕದಿಂದ ರೂಪಿಸಿ, 2017ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮಾರ್ಗಸೂಚಿಗಳು ಬರಿಯ ಅನುವಾದದಿಂದ ತೃಪ್ತವಾಗದೆ, ಹೊಂದಿಸಿದ ಪರೀಕ್ಷೆಯನ್ನು ಆ ಜನರ ಮೇಲೆಯೇ ಪ್ರಯೋಗಿಸಿ ಸಾಕ್ಷ್ಯ ಒದಗಿಸಬೇಕೆಂದು ಹೇಳುತ್ತವೆ.

ಗುಣದ ಕಲ್ಪನೆಯೇ ಬೇರೆಯಾದಾಗ

ಪದಗಳು ಸರಿಹೊಂದಿದರೂ, ಅಳೆಯಬೇಕಾದ ಗುಣವೇ ಎರಡು ಸಮಾಜಗಳಲ್ಲಿ ಬೇರೆ ಬೇರೆಯಾಗಿರಬಹುದು. ಕನ್ನಡದ ದಾಕ್ಷಿಣ್ಯ ಎಂಬ ಪದವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಎದುರಿನವರ ಮುಖ ನೋಡಿ ಇಲ್ಲವೆನ್ನಲಾಗದ ಸ್ಥಿತಿ ಅದು. ಅದರಲ್ಲಿ ಗೌರವವಿದೆ, ಸಂಕೋಚವಿದೆ, ಹಂಗಿನ ಅರಿವಿದೆ, ಸಂಬಂಧ ಕೆಡಬಾರದೆಂಬ ಎಚ್ಚರವಿದೆ. ದಾಕ್ಷಿಣ್ಯವಿಲ್ಲದವನೆಂಬುದು ಕನ್ನಡದಲ್ಲಿ ನಿಂದೆ. ಅತಿದಾಕ್ಷಿಣ್ಯದವನೆಂಬುದು ಮರುಕದ ಮಾತು. ತನ್ನ ಅಭಿಪ್ರಾಯವನ್ನು ನಿಸ್ಸಂಕೋಚವಾಗಿ ಮಂಡಿಸುವುದನ್ನು ಆರೋಗ್ಯದ ಲಕ್ಷಣವೆಂದು ಬಗೆಯುವ ಪ್ರಶ್ನಾವಳಿಯಲ್ಲಿ ದಾಕ್ಷಿಣ್ಯಪರನು ಅಧೀರನೆಂದೂ ಪರಾವಲಂಬಿಯೆಂದೂ ಅಂಕ ಪಡೆಯುತ್ತಾನೆ. ಅವನ ಗುಣವನ್ನು ಅಳೆಯುವ ಪಟ್ಟಿಯೇ ಅಲ್ಲಿಲ್ಲ. ಇರುವುದು ಅವನ ಕೊರತೆಯನ್ನು ಅಳೆಯುವ ಪಟ್ಟಿ.

ಚೀನೀ ಜನರ ವಿಷಯದಲ್ಲಿ ಇದೇ ಅನುಭವವಾಯಿತು. ಹಾಂಗ್‌ಕಾಂಗಿನ ಫ್ಯಾನಿ ಚೆಯುಂಗ್ ಅವರು ಎಂ.ಎಂ.ಪಿ.ಐ.ಯನ್ನು ಚೀನೀ ಭಾಷೆಗೆ ತಂದಾಗ ಸ್ವಸ್ಥರಾದ ಚೀನೀಯರೂ ಕೆಲವು ರೋಗಸೂಚಕ ಪಟ್ಟಿಗಳಲ್ಲಿ ಅಮೆರಿಕದ ಮಾನಕಕ್ಕಿಂತ ಹೆಚ್ಚಿನ ಅಂಕ ಪಡೆದರು. ಬಳಿಕ ಅವರೂ ಅವರ ಸಹೋದ್ಯೋಗಿಗಳೂ ಚೀನೀ ಜೀವನದಿಂದಲೇ ಹೊರಟು, 1996ರಲ್ಲಿ ಹೊಸದೊಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಋಣಾನುಬಂಧದ ನಡೆ, ಮುಖಮರ್ಯಾದೆ, ಸಾಮರಸ್ಯ ಮೊದಲಾದುವು ಕೂಡಿದ ಪರಸ್ಪರ ಸಂಬಂಧದ ಅಂಶವೊಂದು ಅದರಲ್ಲಿ ಕಾಣಿಸಿಕೊಂಡಿತು. ಪಾಶ್ಚಾತ್ಯರ ಪ್ರಸಿದ್ಧ ಪಂಚಾಂಶ ಸಿದ್ಧಾಂತದಲ್ಲಿ ಅದಕ್ಕೆ ಸರಿಯಾದ ಸ್ಥಾನವಿರಲಿಲ್ಲ.

ವ್ಯಕ್ತಿತ್ವವೆಂಬುದು ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಭಾವೋದ್ವೇಗ, ಹೊಸತಿಗೆ ತೆರೆದ ಮನಸ್ಸು ಎಂಬ ಐದು ಅಂಶಗಳ ಮೊತ್ತವೆನ್ನುವ ಈ ಸಿದ್ಧಾಂತ ಮೂಲತಃ ನಿಘಂಟಿನಿಂದ ಹುಟ್ಟಿದುದೆಂಬುದು ಭಾಷಾವಿದ್ಯಾರ್ಥಿಗಳಿಗೆ ಸ್ವಾರಸ್ಯಕರವಾದೀತು. ಜನರಿಗೆ ಮುಖ್ಯವೆನಿಸಿದ ಗುಣಗಳೆಲ್ಲ ಅವರ ಭಾಷೆಯಲ್ಲಿ ಪದಗಳಾಗಿ ನೆಲೆಸಿರುತ್ತವೆ ಎಂಬುದು ಇದರ ತಳಹದಿ. ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟಿನಿಂದ ಮನುಷ್ಯನನ್ನು ಬಣ್ಣಿಸುವ 17,953 ಪದಗಳನ್ನು ಆರಿಸಿದರು. ಮುಂದಿನವರು ಅವನ್ನು ಸೋಸಿ, ಜನರ ಉತ್ತರಗಳಲ್ಲಿ ಒಟ್ಟೊಟ್ಟಿಗೆ ಬರುವ ಪದಗಳನ್ನು ಗುಂಪು ಮಾಡಿ ಐದು ಅಂಶಗಳಿಗೆ ಬಂದು ನಿಂತರು. ನಿಘಂಟು ಬೇರೆಯಾದರೆ ಫಲಿತವೂ ಬೇರೆಯಾಗಬಹುದಲ್ಲವೆ? ಹಿಂದಿಯ ಗುಣವಾಚಕಗಳನ್ನು ಹೀಗೆಯೇ ಪರಿಶೀಲಿಸಿದ ಜಿತೇಂದ್ರ ಕುಮಾರ್ ಸಿಂಗ್, ಗಿರೀಶ್ವರ ಮಿಶ್ರ ಮತ್ತು ಬೂಲೆ ಡಿ ರಾಡ್ ಅವರಿಗೆ 2013ರಲ್ಲಿ ದೊರೆತುದು ಸತ್ತ್ವ, ರಜಸ್ಸು, ತಮಸ್ಸುಗಳನ್ನು ಹೋಲುವ ಮೂರು ಗುಂಪುಗಳು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬೊಲಿವಿಯಾದ ಕಾಡಿನಲ್ಲಿ ಬೇಟೆ, ಬೇಸಾಯಗಳಿಂದ ಬದುಕುವ ತ್ಸಿಮಾನೆ ಜನಾಂಗದ 632 ವಯಸ್ಕರಲ್ಲಿ ಐದು ಅಂಶಗಳ ರಚನೆ ಕಂಡುಬರಲಿಲ್ಲ.

ಕನ್ನಡ ಕವಿ, ವಿದ್ವಾಂಸ ಎ.ಕೆ. ರಾಮಾನುಜನ್ 1989ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಸಂದರ್ಭಸಾಪೇಕ್ಷ ಮತ್ತು ಸಂದರ್ಭನಿರಪೇಕ್ಷ ಎಂಬ ಎರಡು ಬಗೆಯ ಚಿಂತನಕ್ರಮಗಳನ್ನು ಗುರುತಿಸಿ, ಭಾರತೀಯ ಮನಸ್ಸು ಮೊದಲನೆಯದರ ಕಡೆಗೆ ಹೆಚ್ಚಾಗಿ ಒಲಿಯುತ್ತದೆಂದು ವಾದಿಸಿದರು. ಅವರ ಚರ್ಚೆ ಪರೀಕ್ಷೆಗಳನ್ನು ಕುರಿತದ್ದಲ್ಲವಾದರೂ ಇಲ್ಲಿ ನೆರವಿಗೆ ಬರುತ್ತದೆ. 'ನಾನು ಮಾತಾಳಿ' ಎಂಬ ಹೇಳಿಕೆ ಸಂದರ್ಭನಿರಪೇಕ್ಷವಾದುದು. ಮಾವನವರ ಎದುರಿನಲ್ಲೋ, ಗೆಳತಿಯರ ನಡುವೆಯೋ, ತವರಿನಲ್ಲೋ ಎಂದು ಕೇಳುವ ಸೊಸೆ ಉತ್ತರ ತಪ್ಪಿಸಿಕೊಳ್ಳುತ್ತಿಲ್ಲ. ಹೇಳಿಕೆಯಲ್ಲಿ ಬಿಟ್ಟುಹೋದುದನ್ನು ತುಂಬುತ್ತಿದ್ದಾಳೆ.

ಹೊರನಾಡ ಕನ್ನಡಿಗನ ಉದಾಹರಣೆ

ಈ ಎಲ್ಲ ತೊಡಕುಗಳು ಒಂದೆಡೆ ಕೂಡುವುದು ಹೊರನಾಡಿನಲ್ಲಿ. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಕರಾವಳಿಯ ವ್ಯಕ್ತಿಯೊಬ್ಬನನ್ನು ಊಹಿಸಿಕೊಳ್ಳಬಹುದು. ಅವನ ಮನೆಮಾತು ತುಳು, ಓದುಬರಹದ ಭಾಷೆ ಕನ್ನಡ, ಗಿರಾಕಿಗಳೊಡನೆ ಹಿಂದಿ, ಕಚೇರಿಯಲ್ಲಿ ಮರಾಠಿ, ಮಕ್ಕಳು ಶಾಲೆಯಿಂದ ತರುವುದು ಇಂಗ್ಲಿಷ್. ಅವನು ಮನೋವೈದ್ಯರಲ್ಲಿಗೆ ಬಂದಾಗ ಯಾವ ಭಾಷೆಯ ಪ್ರಶ್ನಾವಳಿಯನ್ನು ಕೊಡಬೇಕು? ಯಾವ ಜನರ ಮಾನಕಕ್ಕೆ ಅವನನ್ನು ಹೋಲಿಸಬೇಕು? ಕನ್ನಡವೆಂದರೆ ಅವನ ಪಾಲಿಗೆ ಪತ್ರಿಕೆ, ಪುಸ್ತಕ, ಯಕ್ಷಗಾನಗಳ ಭಾಷೆ. ಅವನ ಸಿಟ್ಟು, ಅಳು, ತಾಯಿಯ ನೆನಪುಗಳು ತುಳುವಿನಲ್ಲಿರುತ್ತವೆ.

ಭಾಷೆ ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದು ಊಹೆಯ ಮಾತಲ್ಲ. ಅಮೆರಿಕದಲ್ಲಿ ನೆಲೆಸಿದ 64 ಮಂದಿ ಫ್ರೆಂಚರಿಗೆ ಟಿ.ಎ.ಟಿ. ಚಿತ್ರಗಳನ್ನು ತೋರಿಸಿ ಎರಡು ಭಾಷೆಗಳಲ್ಲಿಯೂ ಕಥೆ ಹೇಳಿಸಿದ ಸೂಸನ್ ಎರ್ವಿನ್, ಒಬ್ಬರೇ ಹೇಳಿದ ಕಥೆಗಳ ವಸ್ತು ಭಾಷೆಯಿಂದ ಭಾಷೆಗೆ ಬೇರೆಯಾದುದನ್ನು 1964ರಲ್ಲಿ ವರದಿ ಮಾಡಿದರು. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರು ಇಂಗ್ಲಿಷಿನಲ್ಲಿ ಉತ್ತರಿಸುವಾಗ ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆಗಳಲ್ಲಿ ಹೆಚ್ಚಿನ ಅಂಕ ಪಡೆದರೆಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಭಾಷೆಯ ವ್ಯಾಕರಣವೂ ಇಲ್ಲಿ ಕೈಯಾಡಿಸುತ್ತದೆ. ಕನ್ನಡದಲ್ಲಿ 'ನಾನು ಹೆದರುತ್ತೇನೆ' ಎಂಬ ವಾಕ್ಯ ಗಂಡಿಗೂ ಹೆಣ್ಣಿಗೂ ಸಮಾನ. ಮರಾಠಿ, ಹಿಂದಿಗಳಲ್ಲಿ ಉತ್ತಮಪುರುಷದ ಕ್ರಿಯಾಪದವೇ ಲಿಂಗವನ್ನು ಸೂಚಿಸುವುದರಿಂದ, ಪುಲ್ಲಿಂಗದಲ್ಲಿ ಅಚ್ಚಾದ ಪ್ರಶ್ನಾವಳಿಯನ್ನು ಹೆಣ್ಣು ತನ್ನ ಮಾತಲ್ಲದ ಮಾತಾಗಿ ಓದಬೇಕಾಗುತ್ತದೆ.

ಎರಡು ಬಗೆಯ ತಪ್ಪುಗಳು

ಇಷ್ಟು ಹೇಳಿದ ಮಾತ್ರಕ್ಕೆ ಪರೀಕ್ಷೆಗಳನ್ನು ತೊರೆಯಬೇಕೆಂದು ತೀರ್ಮಾನಿಸಲಾಗದು. ಪರೀಕ್ಷೆಯಿಲ್ಲದ ಕಡೆ ಉಳಿಯುವುದು ಪರೀಕ್ಷಕನ ಸ್ವಂತ ಅನಿಸಿಕೆ. ಅದರಲ್ಲಿ ಪೂರ್ವಗ್ರಹಕ್ಕೆ ತಡೆಯೇ ಇಲ್ಲ. ಸಂಸ್ಕೃತಿಯನ್ನು ಅರಿಯದ ಪರೀಕ್ಷಕನು ಸ್ವಸ್ಥನನ್ನು ರೋಗಿಯೆನ್ನುವುದು ಒಂದು ತಪ್ಪು. ಸಂಸ್ಕೃತಿಯ ಹೆಸರು ಹೇಳಿ ನಿಜವಾದ ರೋಗವನ್ನು ಕಾಣದಿರುವುದು ಅಷ್ಟೇ ಘೋರವಾದ ಇನ್ನೊಂದು ತಪ್ಪು. ನಮ್ಮ ಹೆಂಗಸರು ಹೀಗೆಯೇ ಮೈಕೈ ನೋವೆನ್ನುತ್ತಾರೆ, ಹಳ್ಳಿಯವರ ಮೈಮೇಲೆ ಹೀಗೆಯೇ ದೇವರು ಬರುತ್ತಾನೆ ಎಂದು ತಳ್ಳಿಹಾಕಿದರೆ ಚಿಕಿತ್ಸೆಯಿಂದ ಗುಣವಾಗಬಹುದಾದ ಜೀವವೊಂದು ಕೈತಪ್ಪಬಹುದು. ಮೈಮೇಲೆ ಬರುವುದು ಉತ್ಸವದ ವೇಳೆಯಲ್ಲಿಯೇ, ಊರಿನ ಒಪ್ಪಿಗೆಯಿಂದಲೇ, ಬಳಿಕ ವ್ಯಕ್ತಿ ತನ್ನ ಕೆಲಸಕ್ಕೆ ಮರಳುವನೇ ಎಂಬುದನ್ನು ಅವನ ಸಮುದಾಯದವರನ್ನೇ ಕೇಳಿ ತಿಳಿಯಬೇಕು.

ದಕ್ಷಿಣ ಆಫ್ರಿಕದ ನಿದರ್ಶನ ಇಲ್ಲಿ ದಾರಿ ತೋರುವಂತಿದೆ. ವರ್ಣಭೇದದ ಆಳ್ವಿಕೆ ಕೊನೆಗೊಂಡಮೇಲೆ 1998ರ ಉದ್ಯೋಗ ಸಮಾನತೆಯ ಕಾನೂನು, ವೈಜ್ಞಾನಿಕವಾಗಿ ವಿಶ್ವಸನೀಯವೂ ಎಲ್ಲ ಗುಂಪುಗಳಿಗೂ ನ್ಯಾಯವಾಗಿ ಅನ್ವಯಿಸುವಂಥದೂ ಪಕ್ಷಪಾತರಹಿತವೂ ಎಂದು ತೋರಿಸಿಕೊಡದ ಮನೋಪರೀಕ್ಷೆಗಳ ಬಳಕೆಯನ್ನು ನಿಷೇಧಿಸಿತು. ಆ ಬಳಿಕ ಸಂಶೋಧಕರು ಅಲ್ಲಿನ 11 ಅಧಿಕೃತ ಭಾಷೆಗಳ 1200ಕ್ಕೂ ಹೆಚ್ಚು ಮಂದಿಯನ್ನು ಅವರವರ ಭಾಷೆಯಲ್ಲಿಯೇ ಸಂದರ್ಶಿಸಿ, ತಮಗೆ ಗೊತ್ತಿರುವವರನ್ನು ಬಣ್ಣಿಸುವಂತೆ ಕೇಳಿದರು. ಆ ಮಾತುಗಳಿಂದಲೇ ಹೊಸ ಪ್ರಶ್ನಾವಳಿಯೊಂದನ್ನು ಕಟ್ಟತೊಡಗಿದರು. ಪ್ರಶ್ನೆಗಳು ಜನರ ಬಾಯಿಂದ ಹೊರಟು ಮತ್ತೆ ಜನರಲ್ಲಿಗೆ ಬಂದುವು.

ಇಂಥ ಕಾರ್ಯವನ್ನು ಕನ್ನಡದಲ್ಲಿ ಕೈಗೊಳ್ಳುವವರಿಗೆ ಸಾಮಗ್ರಿಯ ಕೊರತೆಯಿಲ್ಲ. 1894ರ ಕಿಟ್ಟೆಲ್ ನಿಘಂಟಿದೆ. 1995ರಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿದೆ. ಪ್ರಾದೇಶಿಕ ಪದಕೋಶಗಳಿವೆ, ಗಾದೆಗಳ ಸಂಗ್ರಹಗಳಿವೆ. ಮುಂಗೋಪಿ, ಹುಂಬ, ಪುಕ್ಕಲ, ಉಡಾಳ, ಜಿಪುಣ, ಹಮ್ಮಿನವ, ಸಾಧು, ನೇಮಸ್ಥ ಎಂಬ ಪದಗಳಲ್ಲಿ ಯಾವುವು ಯಾವುದರ ಜೊತೆಗೆ ನಿಲ್ಲುತ್ತವೆ, ಯಾವ ಊರಿನಲ್ಲಿ ಯಾವ ಮಾತು ಹೊಗಳಿಕೆ, ಯಾವುದು ತೆಗಳಿಕೆ ಎಂಬುದನ್ನು ಮನೋವಿಜ್ಞಾನಿಯೊಬ್ಬನೇ ನಿರ್ಣಯಿಸಲಾರನು. ಸಂಖ್ಯಾಶಾಸ್ತ್ರವನ್ನು ಅವನು ಬಲ್ಲ. ಪದದ ಜಾಡನ್ನು ಬಲ್ಲವರು ಭಾಷಾ ವಿಭಾಗಗಳಲ್ಲಿದ್ದಾರೆ. ಹಲವು ಭಾಷೆಗಳ ನಡುವೆ ದಿನವೂ ಬಾಳುತ್ತಿರುವ ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ಕಾರ್ಯದಲ್ಲಿ ವಿಶೇಷ ಅರ್ಹತೆಯುಂಟು.

ಅಂಥ ಪ್ರಶ್ನಾವಳಿ ಸಿದ್ಧವಾಗುವವರೆಗೂ ಕೆಲವು ಎಚ್ಚರಗಳು ಕೈಯಲ್ಲಿಯೇ ಇವೆ. ಯಾವ ಭಾಷೆಯಲ್ಲಿ ಉತ್ತರಿಸುವುದು ಹಿತವೆಂದು ವ್ಯಕ್ತಿಯನ್ನೇ ಕೇಳಿ, ಅದನ್ನು ವರದಿಯಲ್ಲಿ ನಮೂದಿಸಬೇಕು. ಮಾನಕ ಯಾವ ಜನರದು, ಯಾವ ಕಾಲದ್ದು ಎಂಬುದೂ ಅಲ್ಲಿ ಕಾಣಬೇಕು. ಮನೆಯವರನ್ನೇ ದುಭಾಷಿಯಾಗಿ ಕೂರಿಸಿದರೆ ಮನೆಯ ಗುಟ್ಟು ಹೊರಬೀಳದು ಎಂಬುದನ್ನು ಮರೆಯಬಾರದು. ರೋಗಸೂಚಕ ಅಂಕ ಬಂದಾಗ ಅದಕ್ಕೆ ಕಾರಣವಾದ ಉತ್ತರಗಳನ್ನು ಒಂದೊಂದಾಗಿ ಮುಂದಿಟ್ಟು, ಹೀಗೆಂದರೆ ಏನು ಎಂದು ವಿಚಾರಿಸಬೇಕು. ನಿದ್ರೆಯ ಮಾತಿಗೆ 'ಇಲ್ಲ' ಎಂದ ಆ ವೃದ್ಧೆಯನ್ನು ಇನ್ನೊಂದು ಸಲ ಕೇಳಿದರೆ, ರಾತ್ರಿ ತನಗೆ ನಿದ್ರೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಅವಳೇ ಹೇಳುತ್ತಾಳೆ.